ಹಂಚಿನ ಚೂರಿನಂಥದೊಂದು ಸಿಹಿ

ನನಗೊಂದು ಚಟವಿದೆ. ಸಿಹಿತಿಂಡಿಯ ಅಂಗಡಿ ಕಂಡರೆ ನಿಲ್ಲುತ್ತೇನೆ, ಗಾಜಿನ ಕಪಾಟಿಗೆ ಮೂಗು ತಾಗುವಷ್ಟು ಬಗ್ಗಿ ಒಳಗಿನ ತಟ್ಟೆಗಳನ್ನು ಒಂದೊಂದಾಗಿ ನೋಡುತ್ತೇನೆ, ಆಮೇಲೆ ಏನನ್ನೂ ಕೊಳ್ಳದೆ ಹೊರಟುಬಿಡುತ್ತೇನೆ. ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ಹಲವು ಅಂಗಡಿಯವರಿಗೆ ನನ್ನ ಮುಖ ಪರಿಚಯವಾಗಿ ಹೋಗಿದೆ. ಪಾಪ, ಸಕ್ಕರೆ ಕಾಯಿಲೆಯವನಿರಬೇಕು, ಕಣ್ಣಿನಿಂದಲೇ ತಿಂದು ಹೋಗುತ್ತಾನೆ ಎಂದು ಕೆಲವರು ತಿಳಿದಿದ್ದಾರೆ. ಇನ್ನು ಕೆಲವರು ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದವನೆಂದು ಸಂಶಯಪಟ್ಟು ಅವಸರದಲ್ಲಿ ನೊಣ ಓಡಿಸತೊಡಗುತ್ತಾರೆ. ಧಾರವಾಡದ ಒಬ್ಬ ಪೇಢೆ ಅಂಗಡಿಯ ಅಜ್ಜ ಮಾತ್ರ ನನ್ನ ಗುಟ್ಟು ಬಲ್ಲ. ನನ್ನನ್ನು ಕಂಡ ಕೂಡಲೆ ತಕ್ಕಡಿ ಕೆಳಗಿಟ್ಟು, "ಇಲ್ರೀ ಸರ, ನಿಮ್ಮದು ಇವತ್ತೂ ಬಂದಿಲ್ಲ ನೋಡ್ರಿ," ಎನ್ನುತ್ತಾನೆ, ನಾನು ಕಾಯುತ್ತಿರುವುದು ಸಂಜೆಯ ಬಸ್ಸಿಗೆ ಬರಬೇಕಾದ ನೆಂಟರನ್ನು ಎಂಬಂತೆ.

ನಾನು ಹುಡುಕುತ್ತಿರುವುದು ಒಂದು ಸಿಹಿ. ಅದರ ಹೆಸರು ಗೊತ್ತಿಲ್ಲ. ಯಾವುದರಿಂದ ಮಾಡುತ್ತಾರೋ ಅದೂ ಗೊತ್ತಿಲ್ಲ. ನನ್ನ ಐದಾರನೆಯ ವಯಸ್ಸಿನಿಂದ ಹತ್ತು ಹನ್ನೊಂದರವರೆಗೆ, ಹಳೇ ಹುಬ್ಬಳ್ಳಿಯ ನಮ್ಮ ಒಂದೂವರೆ ಖೋಲಿಯ ಮನೆಯಲ್ಲಿ, ಗೋಡೆಯ ಹಲಗೆಯ ಮೇಲೆ ಒಂದು ತಗಡಿನ ಡಬ್ಬಿಯಲ್ಲಿ ಅದು ಇರುತ್ತಿತ್ತು. ಇರುತ್ತಿತ್ತು ಅಂದರೆ ಯಾವಾಗಲೂ ಅಲ್ಲ. ಕೆಲವು ದಿನ ಇರುತ್ತಿತ್ತು, ಆಮೇಲೆ ತಿಂಗಳುಗಟ್ಟಲೆ ಡಬ್ಬಿ ಬರಿದು. ನೋಡಲು ಒಡೆದ ಹಂಚಿನ ಚೂರಿನಂತೆ. ಬಣ್ಣ ಕಪ್ಪು, ಆದರೆ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಜೇನಿನ ಕೆಂಪು. ಒಂದು ಬದಿ ಪಾಟಿಯಂತೆ ನುಣುಪು, ಇನ್ನೊಂದು ಬದಿ ಉಬ್ಬುತಗ್ಗು. ಮೊದಲು ಹಲ್ಲಿಗೆ ಕಲ್ಲಿನಂತೆ ತಾಗಿ, ಬಾಯಲ್ಲಿ ಇಟ್ಟುಕೊಂಡಷ್ಟೂ ಮೆತ್ತಗಾಗಿ, ನಡುನಡುವೆ ಕಾಳಿನಂಥದೇನೋ ಸಿಕ್ಕಿ, ಬೆಲ್ಲ, ಹೊಗೆ, ಯಾಲಕ್ಕಿ ಎಲ್ಲ ಒಟ್ಟಿಗೆ ಬಂದು, ಕೊನೆಗೆ ನಾಲಿಗೆಯ ಬುಡದಲ್ಲಿ ಒಂದಿಷ್ಟು ಕಹಿ ಬಿಟ್ಟು ಹೋಗುತ್ತಿತ್ತು. ಆ ಕಹಿಯೇ ನನಗೆ ಇಷ್ಟ. ಅದಿಲ್ಲದ ಸಿಹಿ ಇವತ್ತಿಗೂ ನನಗೆ ಅರ್ಧಕ್ಕೆ ನಿಲ್ಲಿಸಿದ ಮಾತಿನಂತೆ ಅನಿಸುತ್ತದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ನಮ್ಮಪ್ಪ ಕಾಳುಕಡಿ ಪೇಟೆಯಲ್ಲಿ ಚೀಲ ಹೊರುವ ಹಮಾಲನಾಗಿದ್ದ. ಅವ್ವ ನಾಲ್ಕು ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ನನ್ನ ಹಿಂದೆ ಸಾಲಾಗಿ ಹೆಬ್ಬೆಟ್ಟುಗಳು ನಿಂತಿವೆ. ಈಗ ವಿದ್ಯಾನಗರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೇಳಿಕೊಳ್ಳುವುದು ಸ್ವಲ್ಪ ಹೆಚ್ಚೇ ಆಯಿತು ಎಂಬುದು ಹೆಂಡತಿ ಗಿರಿಜಾಳ ದೂರು. "ಭಾಜಿ ತರಾಕ ಹೋದ್ರೂ ಎಮ್ಮೆಸ್ಸಿ ತೋರಿಸಿನ ಬದನಿಕಾಯಿ ಆರಿಸ್ತಾರ," ಎಂದು ನೆರೆಯವರ ಮುಂದೆ ಹಾಡಿಕೊಳ್ಳುತ್ತಾಳೆ. ಇರಲಿ. ಕಷ್ಟಪಟ್ಟು ಕಲಿತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಕ್ರಮವಾಗಿ ಹುಡುಕಿದರೆ ಜಗತ್ತಿನಲ್ಲಿ ಸಿಗದಿರುವುದು ಏನೂ ಇಲ್ಲ ಎಂಬ ನಂಬಿಕೆ.

ಆ ನಂಬಿಕೆಯಿಂದಲೇ ನಾನೊಂದು ನೋಟುಬುಕ್ಕು ಇಟ್ಟೆ. ತಿಂಡಿಯ ಚೂರುಗಳೆಲ್ಲ ಒಂದೇ ಬಗೆಯಲ್ಲಿ ಸ್ವಲ್ಪ ಬಾಗಿರುತ್ತಿದ್ದವು ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಕೈಯಿಂದ ತಟ್ಟಿದ್ದಾದರೆ ಹಾಗೆ ಬಾಗುವುದಿಲ್ಲ. ಆದ್ದರಿಂದ ಅದಕ್ಕೊಂದು ಅಚ್ಚು ಇತ್ತು. ಬಹುಶಃ ತಲೆತಲಾಂತರದಿಂದ ಬಂದ ಅಚ್ಚು. ಹಾಗೆಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಡಬ್ಬಿ ತುಂಬುತ್ತಿದ್ದದ್ದು ಹೆಚ್ಚಾಗಿ ಬೇಸಿಗೆಯಲ್ಲಿ, ಆಷಾಢದಲ್ಲಿ ಒಮ್ಮೆಯೂ ಇಲ್ಲ. ಆದ್ದರಿಂದ ಅದು ಒಣ ಹವೆಯಲ್ಲಿ ಮಾತ್ರ ಹದಕ್ಕೆ ಬರುವ ತಿನಿಸು. ಕಹಿ ಇರುವುದರಿಂದ ಮೆಂತ್ಯವೋ ಇನ್ನಾವುದೋ ಔಷಧಿಯ ಬೀಜವೋ ಬಿದ್ದಿರಬೇಕು. ಒಂದು ಭಾನುವಾರ ಬೆಲ್ಲದ ಪಾಕಕ್ಕೆ ಹುರಿದ ಮೆಂತ್ಯ ಹಾಕಿ ತಟ್ಟೆಗೆ ಸುರಿದೆ. ಗಿರಿಜಾ ಒಂದು ಚೂರು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಕೊನೆಗೆ, "ಬಾಣಂತೇರಿಗೆ ಕೊಡಬಹುದು. ಅದೂ ಆಗದವರ ಮನಿ ಬಾಣಂತೇರಿಗೆ," ಎಂದಳು.

ಇನ್ನೊಬ್ಬರಿಗೆ ರುಚಿಯನ್ನು ವರ್ಣಿಸಿ ಹೇಳುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತಾದದ್ದು ಈ ಹುಡುಕಾಟದಲ್ಲಿ. ಬಣ್ಣಕ್ಕೆ ನೂರು ಹೆಸರಿವೆ. ರುಚಿಗೆ ಇರುವುದು ಒಂದು ಕೈಯ ಬೆರಳಿನಷ್ಟು ಮಾತು. ಉಳಿದದ್ದಕ್ಕೆಲ್ಲ "ಅದರಂಗ", "ಇದರಂಗ" ಎಂದು ತಡವರಿಸಬೇಕು. ನಾಲಿಗೆ ಎಲ್ಲವನ್ನೂ ನೆನಪಿಡುತ್ತದೆ, ಆದರೆ ವಿಳಾಸ ಬರೆದುಕೊಳ್ಳುವುದಿಲ್ಲ. ಇನ್ನೂ ಒಂದು ತಮಾಷೆ. ನೀವು ನಿಮ್ಮ ಸಿಹಿಯನ್ನು ವರ್ಣಿಸಿದರೆ ಎದುರಿಗಿದ್ದವರು ನಿಮ್ಮದನ್ನು ಕೇಳಿಸಿಕೊಳ್ಳುವುದಿಲ್ಲ, ಅವರದನ್ನು ಅಲ್ಲಿ ತಂದಿಡುತ್ತಾರೆ. ನಮ್ಮ ಸಹೋದ್ಯೋಗಿಯೊಬ್ಬರು ಗೋಕಾಕದ ಕಡೆಯವರು, ನಾನು ಬಾಯಿ ತೆರೆಯುವ ಮೊದಲೇ "ಕರದಂಟು" ಎಂದರು. ಬೆಳಗಾವಿಯವರು ಕುಂದಾ ಎಂದರು. ಗ್ರಂಥಪಾಲಕರು ಮಾತ್ರ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಇದು ಅಂಟಿನುಂಡಿ. ನಮ್ಮ ಆಯಿ ಮಾಡ್ತಿದ್ಲು," ಎಂದವರೇ ಕಣ್ಣೊರೆಸಿಕೊಂಡರು. ಅಂಟಿನುಂಡೆ ದುಂಡಗಿರುತ್ತದೆ, ನನ್ನದು ಹಂಚಿನಂತಿತ್ತು ಎಂದು ಅವರೊಡನೆ ವಾದಿಸುವ ಮನಸ್ಸಾಗಲಿಲ್ಲ. ನನಗೆ ಸಾಕ್ಷಿಯಾಗಿ ಸಿಕ್ಕವಳು ಒಬ್ಬಳೇ, ಅಮ್ಮಿನಬಾವಿಗೆ ಕೊಟ್ಟಿರುವ ತಂಗಿ. "ಇತ್ತು ಬಿಡೋ ಅಣ್ಣಾ. ನನ್ನ ಹಾಲಹಲ್ಲು ಅದರಾಗ ಸಿಕ್ಕೊಂಡು ಬಂದಿತ್ತಲ್ಲ," ಎಂದಳು. ಆದರೆ ಅದು ಏನು, ಎಲ್ಲಿಂದ ಬರುತ್ತಿತ್ತು ಎಂಬುದು ಅವಳಿಗೂ ಗೊತ್ತಿಲ್ಲ.

ಅವ್ವನನ್ನು ಕೇಳಬಾರದಿತ್ತೆ ಎಂದು ನೀವು ಕೇಳುತ್ತೀರಿ. ಕೇಳದೆ ಬಿಡುತ್ತೇನೆಯೇ? ಅವ್ವ ನಮ್ಮ ಜೊತೆಗೇ ಇದ್ದಾಳೆ, ಉಣಕಲ್ಲಿನ ನಮ್ಮ ಮನೆಯಲ್ಲಿ. ಎಂಬತ್ತು ದಾಟಿದ್ದರೂ ರೊಟ್ಟಿ ಬಡಿಯುವ ಕೈ ಇನ್ನೂ ನಿಂತಿಲ್ಲ. ಎಷ್ಟು ಸಲ ಕೇಳಿದರೂ ಅವಳದು ಒಂದೇ ಉತ್ತರ.

"ನಾ ಅಂಥಾದ್ದು ಏನೂ ಮಾಡಿಲ್ಲೋ."

ಸಣ್ಣವನಿದ್ದಾಗ ಕಂಡ ಕನಸಿರಬೇಕು ಎಂಬಂತೆ ಮಾತು ತಿರುಗಿಸಿಬಿಡುತ್ತಿದ್ದಳು. ನಾನೂ ಬಹಳ ವರ್ಷ ಅಷ್ಟಕ್ಕೇ ಬಿಟ್ಟಿದ್ದೆ. ಆದರೆ ಹೋದ ವರ್ಷ ಮಗಳು ಸ್ಮಿತಾಳ ಮದುವೆ ಗೊತ್ತಾಯಿತು. ಅಲ್ಲಿಂದ ಹುಡುಕಾಟ ಚಟವಾಗಿ ಉಳಿಯಲಿಲ್ಲ, ಹಟವಾಯಿತು.

ಬೀಗರು ಧಾರವಾಡದವರು, ಹೊಲ ಮನೆ ಇದ್ದವರು, ಒಳ್ಳೆಯವರು. ಮಾತುಕತೆಯ ದಿನ ಅವರ ಮನೆಯಲ್ಲಿ ನಮಗೆ ಮಾದ್ಲಿ ಬಡಿಸಿದರು. ಗೋಧಿಯ ರೊಟ್ಟಿಯನ್ನು ಪುಡಿಮಾಡಿ, ಬೆಲ್ಲ, ಕೊಬ್ಬರಿ, ಗಸಗಸೆ ಕೂಡಿಸಿ, ಮೇಲೆ ತುಪ್ಪ ಹಾಕಿ ಕೊಡುವ ಆ ಸಿಹಿ ಎಲ್ಲರ ಮನೆಯಲ್ಲೂ ಇದೆ. ಆದರೆ ಬೀಗತಿ ಸುಶೀಲಾಬಾಯಿಯವರು ಬಡಿಸುತ್ತ, "ನಮ್ಮ ಮುತ್ತಜ್ಜಿ ಕಾಲದಿಂದ ಇದನ್ನ ಹಿಂಗ ಮಾಡ್ತೇವ್ರಿ. ನಮ್ಮ ಮನಿತನದ ಮಾದ್ಲಿ ಇದು," ಎಂದರು. ಅದರಲ್ಲಿ ಜಂಬವೇನೂ ಇರಲಿಲ್ಲ. ಆದರೂ ನನ್ನೊಳಗೆ ಎಲ್ಲೋ ಚುರುಕ್ಕೆಂದಿತು. ನಮ್ಮ ಮನೆತನದ್ದು ಅಂತ ನಮ್ಮಲ್ಲಿ ಏನಿದೆ? ಹೊಲವಿಲ್ಲ. ಹಳೆಯ ತಾಮ್ರದ ಹಂಡೆ ಇಲ್ಲ. ಅಜ್ಜನ ಫೋಟೋ ಕೂಡ ಇಲ್ಲ, ಯಾಕೆಂದರೆ ಅವನು ಯಾವತ್ತೂ ಫೋಟೋ ತೆಗೆಸಿಕೊಳ್ಳಲಿಲ್ಲ. ಮನೆಯಲ್ಲಿರುವುದೆಲ್ಲ ನಾನು ದುಡಿದು ಕೊಂಡದ್ದು. ನನಗಿಂತ ಹಳೆಯದೊಂದೂ ಇಲ್ಲ. ಈ ಯೋಚನೆ ಮುಗಿಯುವಷ್ಟರಲ್ಲಿ ನನ್ನ ಬಾಯಿ ತನ್ನ ಕೆಲಸ ಮಾಡಿಬಿಟ್ಟಿತ್ತು.

"ನಮ್ಮ ಮನಿತನದ್ದೂ ಒಂದು ಸಿಹಿ ಐತ್ರಿ. ನಮ್ಮವ್ವ ಮಾಡ್ತಿದ್ಲು. ಮದುವಿ ದಿನ ಎಲಿಗೆ ಅದನ್ನ ಬಡಸ್ತೇವ್ರಿ."

"ಹೌದೇನ್ರಿ? ಏನದು?" ಎಂದು ಸುಶೀಲಾಬಾಯಿಯವರು ಖುಷಿಯಿಂದ ಅವ್ವನ ಕಡೆ ತಿರುಗಿದರು.

ಅವ್ವ ಎಲೆಯಲ್ಲಿದ್ದ ಮಾದ್ಲಿಯನ್ನು ಬೆರಳಿಂದ ಒತ್ತಟ್ಟಿಗೆ ಸರಿಸುತ್ತ ಕುಳಿತಿದ್ದಳು. ತಲೆ ಎತ್ತಲಿಲ್ಲ. "ನನಗ ನೆನಪಿಲ್ರೀ ಯವ್ವಾ. ವಯಸ್ಸಾತು," ಎಂದಳು.

ಅಲ್ಲಿಯವರೆಗೆ ಅವಳು ನೆನಪಿಲ್ಲ ಎಂದಿರಲಿಲ್ಲ. ಮಾಡಿಲ್ಲ ಎನ್ನುತ್ತಿದ್ದಳು. ಈ ವ್ಯತ್ಯಾಸ ನನಗೆ ಆಗ ತಿಳಿಯಬೇಕಿತ್ತು, ತಿಳಿಯಲಿಲ್ಲ. ನನಗೆ ಹೆದರಿಕೆಯಾಯಿತು. ಅವ್ವ ಮರೆಯತೊಡಗಿದ್ದಾಳೆ ಎಂದುಕೊಂಡೆ. ಆಮೇಲಿನ ಒಂದು ತಿಂಗಳು ನಾನು ಅವಳನ್ನು ಪರೀಕ್ಷೆಯ ಕೊಠಡಿಯ ಮೇಲ್ವಿಚಾರಕನಂತೆ ಕಾದೆ. ಉಪ್ಪಿನ ಡಬ್ಬಿ ಸ್ಥಳ ಬದಲಿಸಿದರೆ ಬರೆದಿಟ್ಟುಕೊಂಡೆ. ಮೊಮ್ಮಗಳನ್ನು ಮಗಳ ಹೆಸರಿಂದ ಕರೆದರೆ ಗಿರಿಜಾಳಿಗೆ ಕಣ್ಸನ್ನೆ ಮಾಡಿದೆ. ನಡುವೆ ಅಟ್ಟ ಹತ್ತಿ, ಧೂಳಿನಲ್ಲಿ ಸೀನುತ್ತ, ಇಲ್ಲದ ಅಚ್ಚನ್ನು ಹುಡುಕಿದೆ. ಕೆಳಗೆ ಅವ್ವ ಏಣಿ ಹಿಡಿದು ನಿಂತಿದ್ದಳು. "ಏನ್ ಹುಡುಕಾಕತ್ತೀಯೋ ಮಲ್ಲೂ?" ಎಂದಳು. ಅಚ್ಚು ಎಂದೆ. ಅವಳು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಇಳಿ, ಬಿದ್ದೀ," ಎಂದಳು.

ಅಡುಗೆ ಗೊತ್ತುಮಾಡಲು ವೀರಣ್ಣ ಬಂದ. ಹುಬ್ಬಳ್ಳಿಯಲ್ಲಿ ಹತ್ತಾರು ಮದುವೆಗೆ ಕೈ ಹಾಕಿದ ಅಡುಗೆಯವನು. ನನ್ನ ನೋಟುಬುಕ್ಕು ತೆರೆದು ಅವನಿಗೆ ಎಲ್ಲ ಓದಿ ಹೇಳಿದೆ. ಅವನು ಮರ್ಯಾದೆಯಿಂದ ಕೇಳಿ, ಕಿವಿಯ ಹಿಂದೆ ತುರಿಸಿಕೊಂಡು, "ಸರ, ನೀವು ಓದಾಕತ್ರ ನನಗ ತಳಾ ಹತ್ತಿದ ವಾಸನಿ ಬರಾಕತ್ತೈತ್ರಿ. ಹಂಗ ಆಗಬಾರದಂತ ನಾವು ಹಗಲೆಲ್ಲಾ ಹುಟ್ಟು ತಿರಿಗಿಸಿ ಸಾಯ್ತೇವಿ," ಎಂದ. ನಮ್ಮ ಮನೆತನದ ಸಿಹಿಯ ಬಗ್ಗೆ ಹೀಗೆ ಹಗುರವಾಗಿ ಮಾತಾಡಿದ್ದಕ್ಕೆ ನನಗೆ ಸಿಟ್ಟು ಬಂತು. ಗೋಧಿ ಹುಗ್ಗಿ ಮಾಡಿಬಿಡು ಎಂದು ಬಿಗಿದ ಧ್ವನಿಯಲ್ಲಿ ಹೇಳಿ ಮಾತು ಮುಗಿಸಿದೆ. "ಹುಗ್ಗಿ ಅಂದ್ರ ಕಟ್ಟಿಗಿ ಒಲಿ ಬೇಕ್ರಿ, ಗ್ಯಾಸಿನ ಮ್ಯಾಲ ಆಗೂದಿಲ್ಲ," ಎಂದು ಅವನು ಎದ್ದ.

ಪ್ರತಿ ವರ್ಷ ನಾನು ತರಗತಿಯಲ್ಲಿ ಒಂದು ಚಮಚ ಸಕ್ಕರೆಯನ್ನು ದೀಪದ ಮೇಲೆ ಹಿಡಿದು ತೋರಿಸುತ್ತೇನೆ. ಮೊದಲು ಕರಗುತ್ತದೆ. ಆಮೇಲೆ ಹಳದಿ, ಹೊಂಬಣ್ಣ, ಕಂದು. ಘಮ ಏಳುತ್ತದೆ, ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಇನ್ನೊಂದಿಷ್ಟು ಹೊತ್ತು ಹಿಡಿದರೆ ಕಹಿ, ಮತ್ತಿಷ್ಟು ಹಿಡಿದರೆ ಇದ್ದಿಲು. ಸಿಹಿಗೂ ಇದ್ದಿಲಿಗೂ ನಡುವೆ ಇರುವುದು ಕೆಲವೇ ನಿಮಿಷದ ಹಾದಿ, ಆ ಹಾದಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬುದೇ ಅಡುಗೆ, ಎಂದು ಹೇಳಿ ನಾನೇ ನಗುತ್ತೇನೆ. ಅದೇ ಮನುಷ್ಯನಿಗೆ ವೀರಣ್ಣನ ಮಾತು ತಲೆಯೊಳಗೆ ಇಳಿಯಲಿಲ್ಲ. ಕಲಿತದ್ದು ಒಂದು ಖೋಲಿಯಲ್ಲಿ, ತಿಂದದ್ದು ಇನ್ನೊಂದು ಖೋಲಿಯಲ್ಲಿ. ನಡುವಿನ ಬಾಗಿಲು ನಾನೇ ಹಾಕಿಕೊಂಡಿದ್ದೆ.

ಮದುವೆಗೆ ಹತ್ತು ದಿನವಿರುವಾಗ ಅವ್ವನನ್ನು ವಿದ್ಯಾನಗರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನೆನಪಿನ ತಪಾಸಣೆ ಎಂದು ಅವಳಿಗೆ ಹೇಳಿರಲಿಲ್ಲ, ಮೊಣಕಾಲು ನೋವಿಗೆ ಎಂದಿದ್ದೆ. ಅವಳು ಕುರ್ಚಿಯಲ್ಲಿ ಕೂತು ಮೊಣಕಾಲು ಮುಂದೆ ಮಾಡಿದಳು. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು.

"ಗುರುವಾರ. ನಿಮ್ಮ ನರ್ಸಬಾಯಿ ಉಪಾಸ ಅಂತ ಚಹಾ ಬ್ಯಾಡ ಅನ್ನಾಕತ್ತಿದ್ಲು."

"ಅಜ್ಜೀ, ನೂರರಿಂದ ಏಳೇಳು ಕಳಕೋತ ಹೋಗ್ರಿ ನೋಡೂಣು."

"ಯಾಕ ಕಳೀಬೇಕ್ರಿ? ಇಟ್ಕೊಂಡ್ರ ಏನ್ ತ್ರಾಸು?"

ಮೂರು ಮಾತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ ಎಂದರು ಡಾಕ್ಟರು: ಕೊಡ, ಎಮ್ಮೆ, ಛತ್ರಿ. ಅದೂ ಇದೂ ಮಾತಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದರು. ಅವ್ವ, "ಕೊಡ, ಎಮ್ಮಿ, ಛತ್ರಿ. ಮತ್ತ ನೀವು ಆಗಿಂದ ಪೆನ್ನು ಹುಡುಕಾಕತ್ತೀರಿ, ಅದು ನಿಮ್ಮ ಕಿಸೆದಾಗ ಐತಿ," ಎಂದಳು. ಡಾಕ್ಟರು ಪೆನ್ನು ತೆಗೆದುಕೊಂಡು, ನನ್ನನ್ನು ಹೊರಗೆ ಕರೆದು, "ಸರ, ಇವರಿಗೇನೂ ಆಗಿಲ್ಲ. ಮರತೇನಿ ಅಂದವರೆಲ್ಲಾ ಮರತಿರೂದಿಲ್ರಿ," ಎಂದು ನಕ್ಕರು. ವಾಪಸು ಬರುವಾಗ ಆಟೋದಲ್ಲಿ ಅವ್ವ ನನ್ನ ಮುಖ ನೋಡದೆ ಹೊರಗೆ ನೋಡುತ್ತ ಕುಳಿತಿದ್ದಳು. ಎಂಟನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾಗಿ ಬಂದಾಗ ನಾನು ಕೂತಿದ್ದೆನಲ್ಲ, ಹಾಗೆ. ನನಗೆ ಮತ್ತೆ ಕೇಳಲು ಬಾಯಿ ಬರಲಿಲ್ಲ.

ಮದುವೆ ಉಣಕಲ್ಲಿನ ಕಡೆಯ ಒಂದು ಕಲ್ಯಾಣಮಂಟಪದಲ್ಲಿ ಚೆನ್ನಾಗಿ ಆಯಿತು. ನಮ್ಮ ಮನೆತನದ ಸಿಹಿ ಎಲೆಗೆ ಬರಲಿಲ್ಲ. ಹುಗ್ಗಿ ಬಂತು, ತುಪ್ಪ ಬಂತು, ಜನ ಹೊಗಳಿದರು. ಸುಶೀಲಾಬಾಯಿಯವರು ನಾನು ಆಡಿದ ಮಾತನ್ನು ಮರೆತವರಂತೆ ಇದ್ದರು, ದೊಡ್ಡವರು. ಮಧ್ಯಾಹ್ನ ಕೊನೆಯ ಪಂಕ್ತಿ ಎದ್ದ ಮೇಲೆ ಎಲ್ಲರನ್ನೂ ಫೋಟೋಕ್ಕೆ ನಿಲ್ಲಿಸುತ್ತಿದ್ದಾಗ ಗಿರಿಜಾ ಓಡುತ್ತ ಬಂದಳು.

"ರೀ, ಅತ್ತೀಯಾರು ಎಲ್ಲೂ ಕಾಣವಲ್ರು! 'ಈಗ ಬಂದೆ' ಅಂದು ಹೋಗಿ ಅರ್ಧಾ ತಾಸಾತು."

ಡಾಕ್ಟರು ಏನೇ ಹೇಳಿರಲಿ, ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಒಂದೇ: ಗೇಟಿನಾಚೆ ಹೆದ್ದಾರಿ. ಓಡಿದೆ. ಗೇಟಿನಲ್ಲಿ ಇಲ್ಲ. ವಧುವಿನ ಖೋಲಿಯಲ್ಲಿ ಇಲ್ಲ. ಊಟದ ಹಾಲ್ ದಾಟಿ ಅಡುಗೆಮನೆಗೆ ಬಂದರೆ ಹಿಂಬಾಗಿಲಿನ ಆಚೆಯಿಂದ ಅವಳ ಧ್ವನಿ ಕೇಳಿಸಿತು. ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ, ಬೋರಲು ಹಾಕಿದ ಬಕೀಟಿನ ಮೇಲೆ, ಹೊಸ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಅವ್ವ ಕುಳಿತಿದ್ದಾಳೆ. ಮುಂದೆ ಹುಗ್ಗಿ ಮಾಡಿದ ದೊಡ್ಡ ಕೊಪ್ಪರಿಗೆ. ಅದರ ಆಚೆ ಈಚೆ ಪಾತ್ರೆ ತೊಳೆಯಲು ಬಂದ ಇಬ್ಬರು ಹೆಂಗಸರು.

"ಮೊದಲ ನೀರು ಹೊಯ್ದ್ರ ಮುಗೀತು, ಬರೇ ರಾಡಿ," ಎನ್ನುತ್ತಿದ್ದಳು ಅವ್ವ. "ಹೊರಗಿಂದ ಹಸೀ ಗೋಣಿತಟ್ಟು ಸುತ್ತು. ಹಾಂ, ಹಂಗ. ಈಗ ಬಡಿ. ತಳಕ್ಕ ಬ್ಯಾಡವಾ, ಬಗಲಿಗೆ ಬಡಿ."

"ಯಮ್ಮಾ, ನೀವು ಮದುವಿ ಮನಿ ಹಿರ್ಯಾರು. ನಿಮಗ ಇದೆಲ್ಲಾ ಹೆಂಗ ಗೊತ್ತು?" ಎಂದು ಇಬ್ಬರಲ್ಲಿ ಹಿರಿಯವಳು ಕೇಳಿದಳು. ಅವಳ ಹೆಸರು ಫಕ್ಕೀರವ್ವ ಎಂದು ಆಮೇಲೆ ಗೊತ್ತಾಯಿತು.

"ಹಿರ್ಯಾಕಿ ಈಗ ಆಗೇನಿ. ಮೊದಲ ನಿನ್ನ ಹಂಗ ಇದ್ದೆ. ಮನಿಗೆಲಸ ಮುಗಿಸಿ ಮಂದಿ ಮದುವಿ ಕೊಪ್ಪರಗಿ ತಿಕ್ಕಾಕ ಹೋಗ್ತಿದ್ದೆ. ಬ್ಯಾಸಗಿ ತುಂಬ ಅದ ಕೆಲಸ."

ಫಕ್ಕೀರವ್ವ ಸೌಟಿನ ಹಿಡಿಯಿಂದ ಕೊಪ್ಪರಿಗೆಯ ಬಗಲಿಗೆ ನಾಲ್ಕು ಸಲ ಬಡಿದಳು. ಒಳಗೆ ಟಕ್ ಎಂದು ಏನೋ ಬಿಟ್ಟುಕೊಂಡ ಸದ್ದಾಯಿತು. ಅವಳು ಕೈ ಹಾಕಿ ಎತ್ತಿದಳು. ಕಪ್ಪಗೆ, ಒಂದು ಬದಿ ನುಣುಪಾಗಿ, ಕೊಪ್ಪರಿಗೆಯ ತಳದಷ್ಟೇ ಬಾಗಿಕೊಂಡ ಒಂದು ದೊಡ್ಡ ಹಂಚಿನ ಚೂರು. ಅಂಚಿನಲ್ಲಿ ಬಿಸಿಲು ಬಿದ್ದು ಕೆಂಪಗೆ ಹೊಳೆಯಿತು.

ಹಸಿ ತಟ್ಟು ಸುತ್ತಿದರೆ ಲೋಹ ತಂಪಾಗಿ ಕುಗ್ಗುತ್ತದೆ, ಆಗ ಒಳಗಿನ ಪದರು ಬಿಡುತ್ತದೆ ಎಂದು ನನ್ನೊಳಗಿನ ಮೇಷ್ಟ್ರು ಹೇಳುತ್ತಿದ್ದ. ನಾನು ಮಾತ್ರ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದೆ. ಅವ್ವ ತಿರುಗಿ ನೋಡಿದಳು. ಸಿಕ್ಕಿಬಿದ್ದವಳಂತೆ ಕೈ ಒರೆಸಿಕೊಂಡು, "ಬಂದ್ಯಾ? ಸಿಕ್ತೇನು ನಿನ್ನ ಅಚ್ಚು?" ಎಂದಳು.

"ಅವ್ವಾ, ಡಾಕ್ಟರ ತನಕ ಹೋಗಿ ಬಂದ್ವಿ. ಆಗರ ಹೇಳಬಾರದಾ?"

"ಏನ್ ಹೇಳ್ಲಿ? ಬೀಗರ ಮುಂದ ಮನಿತನದ ಸಿಹಿ ಅಂದಿ. ಹೌದ್ರೀ, ಮಂದಿ ಕೊಪ್ಪರಗಿ ಕೆರದು ತರ್ತಿದ್ದೆ ಅನ್ಲಾ? ನಾಳೆ ಹುಡುಗಿ ಆ ಮನ್ಯಾಗ ಬಾಳೇ ಮಾಡಬೇಕು. ಮರತೇನಿ ಅಂದ್ರ ನನಗ ಅಷ್ಟ ವಯಸ್ಸಾತು ಅಂತಾರ, ಮುಗೀತು."

ಹೆಸರಿಲ್ಲದೊಂದು ತಿಂಡಿಗೆ ನಾನು ಮನೆತನದ ಹೆಸರಿಡಲು ಹೊರಟಿದ್ದೆ. ನನ್ನ ಆ ಮಾತು ಸುಳ್ಳಾಗದಿರಲೆಂದು ಅವ್ವ ತನ್ನ ಬುದ್ಧಿಯನ್ನೇ ಪಣಕ್ಕಿಟ್ಟಿದ್ದಳು. ಇಂಥ ಹೊತ್ತಿನಲ್ಲಿ ನಾನು ತಪ್ಪು ಮಾತನ್ನೇ ಆಡುತ್ತೇನೆ. "ಅಂದ್ರ ನಾವು ತಿಂದಿದ್ದು ಎಂಜಲಾ?" ಎಂದುಬಿಟ್ಟೆ.

ಅವ್ವ ಬಕೀಟಿನ ಮೇಲಿಂದ ಎದ್ದು ನಿಂತಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಬಾಯಾಗ ಹುಳ ಬೀಳಲಿ! ಒಲಿಗೆ ಹತ್ತಿದ್ದು ಅದು, ಯಾರ ಎಲಿಗೂ ಹತ್ತಿದ್ದಲ್ಲ. ಒಬ್ಬರ ಎಲಿ ಮ್ಯಾಲಿಂದು ಒಂದು ಅಗಳು ಮನಿಗೆ ತಂದಿಲ್ಲ ನಾ. ಪಾತ್ರಿ ತಿಕ್ಕಿದವರಿಗೆ ತಳ. ಅದು ಯಾರೂ ಕೊಡೂದಲ್ಲ, ನಾವು ಬೇಡೂದೂ ಅಲ್ಲ. ನಮ್ಮದು." ಆಮೇಲೆ ಧ್ವನಿ ಇಳಿಸಿ, ಫಕ್ಕೀರವ್ವನಿಗೆ ಹೇಳುವಂತೆ ಹೇಳಿದಳು: "ಒಬ್ಬ ಅಡಗಿಯಾಂವ ಇದ್ದ, ಮುದುಕ. ಬಡಸೂ ಮುಂದ ಹುಟ್ಟು ತಳಕ್ಕ ತಾಗಿಸ್ತಿದ್ದಿಲ್ಲ. ನನಗ ದಪ್ಪ ಸಿಗಲಿ ಅಂತ. ಬಾಯಿಲೆ ಎಂದೂ ಒಂದ ಮಾತು ಆಡಿದಾಂವಲ್ಲ."

ಒಬ್ಬ ಮನುಷ್ಯ ಇನ್ನೊಬ್ಬರ ಮೇಲಿನ ಮಮತೆಯನ್ನು ಎಷ್ಟು ಬಗೆಯಲ್ಲಿ ತೋರಿಸಬಹುದು ಎಂದು ನಾನು ಅಲ್ಲಿ ನಿಂತು ಯೋಚಿಸಿದೆ. ಸೌಟನ್ನು ಒಂದು ಬೆರಳು ಮೇಲೆ ಹಿಡಿದು ಬಳಿಯುವುದೂ ಒಂದು ಬಗೆ. ಆ ಮುದುಕನ ಹೆಸರು ಅವ್ವನಿಗೂ ಗೊತ್ತಿಲ್ಲವಂತೆ. ನಿಜವಾಗಿ ಗೊತ್ತಿಲ್ಲ, ಮರೆತದ್ದಲ್ಲ.

ಅಷ್ಟರಲ್ಲಿ ನನ್ನ ತಲೆಯಲ್ಲಿ ಹೊಸದೊಂದು ಹುಮ್ಮಸ್ಸು ಎದ್ದಿತ್ತು. ಮುಚ್ಚಿಡುವ ಕಾಲ ಮುಗಿಯಿತು. ಒಂದು ತಟ್ಟೆಯಲ್ಲಿ ಇದನ್ನಿಟ್ಟುಕೊಂಡು ಹೋಗಿ, ಸುಶೀಲಾಬಾಯಿಯವರ ಮುಂದೆ ಹಿಡಿದು, ಇದೇ ರೀ ನಮ್ಮ ಮನೆತನದ ಸಿಹಿ, ಹೀಗೆ ಬಂದದ್ದು ಎಂದು ಹೇಳಿಬಿಡಬೇಕು. ಕೈ ಮುಂದೆ ಚಾಚಿದೆ. ಅವ್ವ ನನ್ನ ಕೈಗೆ ಪಟ್ಟನೆ ಹೊಡೆದಳು.

"ಯಾರನ್ನ ಕೇಳಿ ತಗೊಳ್ಳಾಕತ್ತಿ?"

"ನಮ್ಮ ಮದುವಿ ಹುಗ್ಗೀನ ಅಲ್ಲಾ ಬೇ ಇದು?"

"ಹುಗ್ಗಿ ನಿಂದು. ತಳ ಅವರದು. ಈಗ ಹೇಳ್ದೆ, ಕೇಳಿಸ್ಲಿಲ್ಲಾ? ಅವರನ್ನ ಕೇಳು."

ಆ ದಿನ ಆ ಮಂಟಪದಲ್ಲಿ ನಾನು ಹೇಳಿದ್ದೇ ಆಗುತ್ತಿತ್ತು. ಮದುಮಗಳ ತಂದೆ, ಎಲ್ಲಿ ಕೈ ಚಾಚಿದರೂ ಯಾರೋ ಏನೋ ತಂದು ಇಡುತ್ತಿದ್ದರು. ತಲೆಗೆ ರೇಷ್ಮೆ ಪಟಗ ಸುತ್ತಿಕೊಂಡ ನಾನು ಪಾತ್ರೆ ಕಟ್ಟೆಯ ಮುಂದೆ ನಿಂತು, "ಯಕ್ಕಾ, ನನಗೊಂದು ತುಂಡು ಕೊಡ್ತೀರೇನ್ರಿ?" ಎಂದು ಕೇಳಿದೆ. ಅವಳು ಜೊತೆಯವಳ ಮುಖ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ಅಂಗೈಯಗಲದ ಒಂದು ಚೂರು ಮುರಿದು ಕೊಟ್ಟಳು. ಬಾಯಿಗಿಟ್ಟುಕೊಂಡೆ. ಅದರ ರುಚಿಯನ್ನು ಇಲ್ಲಿ ವರ್ಣಿಸುವುದಿಲ್ಲ. ಕಹಿ ಮಾತ್ರ ಸರಿಯಾದ ಜಾಗದಲ್ಲಿ ಬಂತು ಎಂದಷ್ಟೇ ಹೇಳುತ್ತೇನೆ.

"ಇನ್ನೊಂದು ಕೊಡ್ರಿ. ನಮ್ಮ ಬೀಗತಿಯವರಿಗೆ," ಎಂದೆ.

ಫಕ್ಕೀರವ್ವನ ನಗು ಅಲ್ಲಿಗೆ ನಿಂತಿತು. ನನ್ನನ್ನು, ಕೈಯಲ್ಲಿದ್ದ ಚೂರನ್ನು, ಮತ್ತೆ ನನ್ನನ್ನು ನೋಡಿದಳು. "ನಿಮಗ ಒಂದು ಕೊಟ್ಟೇನಲ್ರೀ ಸಾಹೇಬ್ರ. ಮನ್ಯಾಗ ಮೂರು ಮಕ್ಕಳದಾವು. ಇನ್ನೊಂದು ಕೊಡೂದಿಲ್ರಿ," ಎಂದಳು. ಹೇಳಿ, ಉಳಿದದ್ದನ್ನು ಮುರಿದು ಒಂದು ಸ್ಟೀಲಿನ ಡಬ್ಬಿಗೆ ತುಂಬತೊಡಗಿದಳು.

ನಾನು ಅವ್ವನ ಕಡೆ ನೋಡಿದೆ. ಬೆಳಗಿನಿಂದ ಮಂಟಪದೊಳಗೆ ಹಿರಿಯರ ಕುರ್ಚಿಯಲ್ಲಿ ಪರರ ಮನೆಗೆ ಬಂದವಳಂತೆ ಕೂತಿದ್ದವಳು, ಈಗ ಸೊಂಟದ ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಳ್ಳುತ್ತ, ಲೆಕ್ಕ ಸರಿಯಾಯಿತು ಎಂಬಂತೆ ತಲೆಯಾಡಿಸಿದಳು. "ಹೇಳೂದಿದ್ರ ಹೇಳು ಬೀಗರಿಗೆ," ಎಂದಳು. "ಬರೇ ಕೈಲೆ ಹೇಳು."

ಬರಿಗೈಯಲ್ಲೇ ಹೇಳಿದೆ, ಹಲ್ಲಿಗೆ ಕಪ್ಪು ಅಂಟಿಸಿಕೊಂಡು, ಫೋಟೋದ ಸಾಲಿನಲ್ಲಿ ನಿಂತೇ. ಸುಶೀಲಾಬಾಯಿಯವರು ಪೂರ್ತಿ ಕೇಳಿದರು. "ನಮ್ಮ ಮನಿ ಮಾದ್ಲಿ ಪಾತ್ರಿ ಯಾರು ತಿಕ್ಕತಿದ್ರೋ, ನನಗೊಂದು ಹೆಸರೂ ಗೊತ್ತಿಲ್ಲ ನೋಡ್ರಿ," ಎಂದರು. ಆಮೇಲೆ ಅವ್ವನನ್ನು ಕರೆದು ತಮ್ಮ ಪಕ್ಕಕ್ಕೆ ನಿಲ್ಲಿಸಿಕೊಂಡರು. ಅವ್ವನ ಸೀರೆಯ ಅಂಚಿಗೆ ಮಸಿ ಹತ್ತಿದ್ದು ಫೋಟೋದಲ್ಲಿ ಸ್ಪಷ್ಟವಾಗಿ ಬಂದಿದೆ.

ಇದನ್ನೆಲ್ಲ ಬರೆಯಲೇ ಎಂದು ಮೊನ್ನೆ ಅವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಒಂದು ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದಳು.

"ಬರಿ," ಎಂದಳು ಆಮೇಲೆ. "ಎಂಜಲಲ್ಲ ಅಂತ ಬರಿ. ಮತ್ತ ಆಕಿ ಎರಡನೇದ್ದು ಕೊಡೂದಿಲ್ಲ ಅಂದ್ಲಲ್ಲ, ಅದನ್ನ ಬಿಡಬ್ಯಾಡ."